ಎಡಗಡೆಯಿಂದ ಬರುವ ಹೆಜ್ಜೆ

ದೆವ್ವ ಬರಬೇಕಾದ ಕಡೆ ಬರಲಿಲ್ಲ ಎಂಬುದು ದೆವ್ವಕ್ಕನ ದೂರು. ಬೇರೆಯವರಾಗಿದ್ದರೆ ಬಾರದಿದ್ದದ್ದೇ ಒಳ್ಳೆಯದಾಯಿತು ಎಂದು ಸುಮ್ಮನಾಗುತ್ತಿದ್ದರು. ದೆವ್ವಕ್ಕ ಹೆಡ್‌ಫೋನ್ ಮಾರಿದ ಅಂಗಡಿಯವನ ಜೊತೆ ಜಗಳಕ್ಕೆ ನಿಂತಳು.

ಅವಳಿಗೆ ಆ ಹೆಸರಿಟ್ಟವರು ಹಲ್ಲು ಕಟ್ಟುವ ಲ್ಯಾಬಿನ ಜೊತೆಗಾರರು. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಇವರು ಅದಕ್ಕೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ಮಾಡಿ, ಹಲ್ಲು ಜೋಡಿಸಿ, ಹೊಳಪು ಕೊಟ್ಟು ವಾಪಸು ಕಳಿಸುತ್ತಾರೆ. ಅವಳ ಮೇಜಿನ ಮೇಲೆ ಯಾವಾಗ ನೋಡಿದರೂ ಏಳೆಂಟು ಬಾಯಿಗಳು ಮುಖವಿಲ್ಲದೆ ನಗುತ್ತಿರುತ್ತವೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಮೊದಲ ದಿನ ಅತ್ತ ತಿರುಗಿಯೂ ನೋಡುವುದಿಲ್ಲ. ದೆವ್ವಕ್ಕ ಆ ಬಾಯಿಗಳ ನಡುವೆಯೇ ಚಹಾದ ಲೋಟ ಇಟ್ಟುಕೊಂಡು, ತಲೆಗೆ ಹೆಡ್‌ಫೋನ್ ಏರಿಸಿ, ಯಾರದೋ ಕುತ್ತಿಗೆ ಹಿಸುಕುವ ಕಥೆ ಕೇಳುತ್ತ ಹಾಯಾಗಿ ಹಲ್ಲು ಜೋಡಿಸುತ್ತಾಳೆ.

ಸಿನಿಮಾ, ಕಾದಂಬರಿ, ಚಿತ್ರಕಥೆಯ ಪುಸ್ತಕ, ಫೋನಿನಲ್ಲಿ ಆಡುವ ಆಟ, ಹೆದರಿಸುತ್ತೇನೆ ಎಂದು ಯಾವುದು ಮುಂದೆ ಬಂದರೂ ಅವಳು ಬೇಡ ಎನ್ನುವವಳಲ್ಲ. ಹಾಗೆಂದು ಸಿಕ್ಕಿದ್ದಕ್ಕೆಲ್ಲ ಹೆದರುವವಳೂ ಅಲ್ಲ. "ರಕ್ತ ಸುರಿಸೋಕೇನು, ಬಕೆಟ್ ಇದ್ರೆ ಸಾಕು. ಸುಮ್ನೆ ಒಂದು ಬಾಗಿಲು ತೆಗೆದು ನನ್ನ ಹೆದರಿಸಲಿ ನೋಡೋಣ" ಎನ್ನುತ್ತಾಳೆ. ಕಾದಂಬರಿಯಲ್ಲಿ ದೆವ್ವ ತನ್ನ ಕಷ್ಟಸುಖ ಹೇಳಿಕೊಳ್ಳಲು ಶುರು ಮಾಡಿದರೆ ಪುಸ್ತಕ ಮುಚ್ಚಿಡುತ್ತಾಳೆ. ಸಿನಿಮಾದಲ್ಲಿ ಸಂಗೀತವನ್ನು ಢಂ ಎಂದು ಬಡಿದು ಬೆಚ್ಚಿಸುವವರನ್ನು ಕಂಡರೆ ಅವಳಿಗೆ ಆಗುವುದೇ ಇಲ್ಲ. "ಹಿಂದೆ ನಿಂತು ತಟ್ಟೆ ಬೀಳಿಸಿದ್ರೂ ಬೆಚ್ಚಿಬೀಳ್ತೀವಿ. ಅದೂ ಒಂದು ವಿದ್ಯೆನಾ?" ಒಮ್ಮೆ ಮನರಂಜನಾ ಪಾರ್ಕಿನ ಭೂತಬಂಗಲೆಯಲ್ಲಿ ಕತ್ತಲಿಂದ ನೆಗೆದು ಬಂದ ರಕ್ತಪಿಶಾಚಿಯ ಕೋರೆಹಲ್ಲು ಅಲುಗಾಡುವುದನ್ನು ಕಂಡು ಅಲ್ಲೇ ಅವನ ಗಲ್ಲ ಹಿಡಿದು ಪರೀಕ್ಷಿಸಿದ್ದಳು. "ಇದು ನಿಮ್ಮ ಬಾಯಿ ಅಳತೇದಲ್ಲಪ್ಪ. ಸೋಮವಾರ ಲ್ಯಾಬಿಗೆ ಬನ್ನಿ." ಪಿಶಾಚಿ ಸೋಮವಾರ ತಪ್ಪದೆ ಬಂದು, ವಿನಯವಾಗಿ ಬಾಯಿ ತೆರೆದು ಕೂತ. ಈಗಲೂ ಅವನ ಹೊಟ್ಟೆಪಾಡು ಆ ಹಲ್ಲುಗಳ ಮೇಲೇ ನಡೆದಿದೆ.

ಇಂಥವಳಿಗೆ ಗಂಟುಬಿದ್ದ ಗಂಡ ಶುದ್ಧ ಪುಕ್ಕಲ. ಕೆಲಸ ಲಿಫ್ಟ್ ರಿಪೇರಿ. ಕೆಲಸದ ಜಾಗದಲ್ಲಿ ಅವನಂಥ ಧೈರ್ಯಸ್ಥ ಇನ್ನೊಬ್ಬನಿಲ್ಲ. ಕಟ್ಟಡದ ಹೊಟ್ಟೆಯೊಳಗಿನ ಕತ್ತಲಲ್ಲಿ, ಎಣ್ಣೆ ಮೆತ್ತಿದ ಉಕ್ಕಿನ ಹಗ್ಗಗಳ ನಡುವೆ, ಲಿಫ್ಟಿನ ನೆತ್ತಿಯ ಮೇಲೆ ಕೂತು ಊಟದ ಡಬ್ಬಿ ಬಿಚ್ಚುವವನು ಅವನು. ಆದರೆ ಪರದೆಯ ಮೇಲೆ ಒಬ್ಬಳು ಕೂದಲು ಮುಂದೆ ಬಿಟ್ಟುಕೊಂಡು ಸುಮ್ಮನೆ ನಿಂತಳೆಂದರೆ ಜೀವ ಬಾಯಿಗೆ ಬಂದುಬಿಡುತ್ತದೆ. "ಲಿಫ್ಟ್ ಯಾಕೆ ಕಿರುಗುಟ್ಟುತ್ತೆ ಅಂತ ನನಗೆ ಗೊತ್ತು ಕಣೇ. ಇವಳು ಯಾಕೆ ಹಿಂಗೆ ನಿಂತಿದಾಳೆ ಅಂತ ಗೊತ್ತಿಲ್ಲವಲ್ಲ!"

ಆದರೂ ಹೆಂಡತಿ ಒಬ್ಬಳೇ ಕೂತು ನೋಡುವುದು ಅವನಿಗೆ ಸರಿಬರದು. ಅವಳಿಗೂ ಪಕ್ಕದಲ್ಲಿ ಹೆದರುವವನೊಬ್ಬ ಇಲ್ಲದಿದ್ದರೆ ರುಚಿ ಹತ್ತದು. ಹೀಗಾಗಿ ಮದುವೆಯಾದ ಹೊಸದರಲ್ಲೇ ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಸಿನಿಮಾವನ್ನು ಮೊದಲು ಅವಳು ಒಬ್ಬಳೇ ನೋಡಿಬಿಡುವುದು; ಆಮೇಲೆ ಅವನ ಜೊತೆ ಇನ್ನೊಮ್ಮೆ. ಕೆಟ್ಟದ್ದು ಬರುವ ಮುಂಚೆ ಅವನ ಮೊಣಕಾಲಿನ ಮೇಲೆ ಒಂದು ಸಲ ತಟ್ಟುತ್ತಾಳೆ. ಅವನು ಕಣ್ಣು ಮುಚ್ಚಿ, ಕಿವಿಗೆ ದಿಂಬು ಒತ್ತಿಕೊಳ್ಳುತ್ತಾನೆ. ಎರಡು ಸಲ ತಟ್ಟಿದರೆ ಹೋಯಿತು, ತೆಗೆಯಬಹುದು ಎಂದರ್ಥ. ಇಷ್ಟು ವರ್ಷಗಳಲ್ಲಿ ಅವನು ನೋಡಿದ ಒಂದೇ ಒಂದು ಸಿನಿಮಾದಲ್ಲೂ ದೆವ್ವವಿಲ್ಲ. ಅವನ ಪ್ರಕಾರ ಇವೆಲ್ಲ ಹಳೆಯ ಮನೆ ಕೊಂಡು ಪಶ್ಚಾತ್ತಾಪಪಡುವ ಸಂಸಾರಗಳ ಕಥೆ. "ಮನೆ ತಗೊಳ್ಳೋ ಮುಂಚೆ ನೆಲಮಾಳಿಗೆ ನೋಡಬೇಕಿತ್ತು ಅವರು" ಎಂದು ಗಂಭೀರವಾಗಿ ವಿಮರ್ಶೆ ಮಾಡುತ್ತಾನೆ.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ಆ ಧ್ವನಿ ಧಾರಾವಾಹಿ ಶುರುವಾಯಿತು. ವಾರಕ್ಕೊಂದು ಕಂತು ಫೋನಿಗೆ ಬರುತ್ತಿತ್ತು. ಮುಚ್ಚಿಹೋದ ಹೋಟೆಲಿನ ಉದ್ದನೆಯ ಕಾರಿಡಾರಿನಲ್ಲಿ ಯಾರೋ ಒಬ್ಬ ನಡೆದು ಬರುತ್ತಾನೆ, ಅಷ್ಟೇ ಕಥೆ. ಅವನು ಯಾರು, ಏನು ಬೇಕು, ಯಾರೂ ಹೇಳುವುದಿಲ್ಲ. ದೆವ್ವಕ್ಕನಿಗೆ ಅಳತೆ ತೆಗೆದು ಹೊಲಿದಂಥ ಕಥೆ. ಲ್ಯಾಬಿನಲ್ಲಿ ಪಾಲಿಷ್ ಮಾಡುವ ಗೆಳತಿಗೂ ಇವಳೇ ಅದರ ಹುಚ್ಚು ಹಿಡಿಸಿದ್ದಳು. ಒಂದು ಬೆಳಿಗ್ಗೆ ಆಕೆ ಎದೆ ಹಿಡಿದುಕೊಂಡೇ ಬಂದಳು.

"ದೆವ್ವಕ್ಕಾ, ನಿನ್ನೆಯ ಕಂತು ಕೇಳಿದ್ಯಾ? ಬಲಗಡೆಯಿಂದ ಬರ್ತಾನೆ, ತಲೆ ಹಿಂದಿನಿಂದ ಸುತ್ತಿ ಎಡಗಿವಿ ಹತ್ರ ಬಂದು ನಿಂತು ಉಸಿರು ಬಿಡ್ತಾನಲ್ಲೇ! ನಮ್ಮನೇಲಿ ಒಲೆ ಮೇಲಿಟ್ಟ ಹಾಲೆಲ್ಲ ಉಕ್ಕಿ ಹೋಯ್ತು."

"ಎಲ್ಲಿ ಬಿಟ್ಟ ಉಸಿರು?" ಎಂದಳು ದೆವ್ವಕ್ಕ. "ಬಲಗಡೆ ಒಂದಿಷ್ಟು ಓಡಾಡಿ ಎಲ್ಲೋ ಹೊರಟುಹೋದ. ಅರ್ಧ ಕಂತು ಬರೀ ಖಾಲಿ. ನಾನು ತೂಕಡಿಸಿದೆ."

ಗೆಳತಿ ಇವಳನ್ನು ವಿಚಿತ್ರವಾಗಿ ನೋಡಿದಳು. ದೆವ್ವಕ್ಕನಿಗೆ ಅವಮಾನವಾಯಿತು. ತಾನು ಅಕ್ಷರ ಕಲಿಸಿದವಳಿಗೆ ಸಿಕ್ಕ ಭಯ ತನಗೆ ಸಿಗದೆ ಹೋಯಿತಲ್ಲ! ತಪ್ಪು ಹೆಡ್‌ಫೋನಿನದೇ ಇರಬೇಕು. ಅಂಗಡಿಯವನು ಹಾಕಿಕೊಂಡು ಕೇಳಿ, "ಚೆನ್ನಾಗಿದೆಯಲ್ಲಮ್ಮ" ಎಂದ. ಇವಳು ಬಿಡಲಿಲ್ಲ. ಬದಲಿಸಿಕೊಂಡು ಬಂದಳು. ಹೊಸದರಲ್ಲೂ ಆ ಕಾರಿಡಾರಿನವನು ಬಲಗಡೆಯೇ ಸುಳಿದಾಡಿ ಮಾಯವಾದ. ಮತ್ತೆ ಬದಲಿಸಲು ಹೋದಾಗ ಅಂಗಡಿಯವನು ಇವಳು ಬರುವುದನ್ನು ಕಂಡೇ ಹಿಂಬಾಗಿಲಿಂದ ಜಾಗ ಖಾಲಿ ಮಾಡಿದ.

ಕಣ್ಣೆದುರಿಗೇ ಇದ್ದದ್ದು ಗಂಡ ಹೆಂಡತಿ ಇಬ್ಬರಿಗೂ ಹೊಳೆಯಲಿಲ್ಲ ನೋಡಿ. ಅವಳು ಕೆಲವು ತಿಂಗಳಿಂದ ಫೋನನ್ನು ಬಲಗಿವಿಗೇ ಹಿಡಿಯುತ್ತಿದ್ದಳು. ಎಡಗಡೆಯಿಂದ ಕರೆದರೆ ತಿರುಗುತ್ತಿರಲಿಲ್ಲ. "ಬೇಕಾದಾಗ ಮಾತ್ರ ಕಿವಿ ಕೇಳುತ್ತೆ ನಿನಗೆ" ಎಂದು ಗಂಡ ಅಣಕಿಸುತ್ತಿದ್ದ. "ಬೇಕಾದ್ದನ್ನ ಹೇಳಿದ್ರೆ ಕೇಳುತ್ತೆ" ಎಂದು ಅವಳು ತಿರುಗೇಟು ಕೊಡುತ್ತಿದ್ದಳು. ಅಲ್ಲಿಗೆ ಆ ಮಾತು ಮುಗಿಯುತ್ತಿತ್ತು.

ಭಾನುವಾರ ಬೆಳಿಗ್ಗೆ ಹೆಡ್‌ಫೋನ್ ಅಡುಗೆಮನೆಯ ಮೇಜಿಗೆ ಬಂತು. ಗಂಡ ವೈರು ಎಳೆದು ನೋಡಿದ, ಪಿನ್ನು ಒರೆಸಿದ, ತಿರುಗಿಸಿ ಮುರುಗಿಸಿ ನೋಡಿದ. ಏನೂ ಸಿಗಲಿಲ್ಲ.

"ಕೇಳಿಯೇ ನೋಡಬೇಕು" ಎಂದ.

"ಕೇಳಿ ಮತ್ತೆ."

"ನಾನಾ?"

"ಹಾಡು ಹಾಕಿದ್ರೆ ಗೊತ್ತಾಗಲ್ಲ ರೀ, ಆ ಕಂತೇ ಆಗಬೇಕು. ಹಗಲಿದೆ, ಬಿಸಿಲಿದೆ, ಪಕ್ಕದಲ್ಲಿ ನಾನಿದೀನಿ. ಇನ್ನೇನು ಬ್ಯಾಂಡು ತರಿಸಬೇಕಾ?"

ಅವನು ಹೆಡ್‌ಫೋನ್ ಹಾಕಿಕೊಂಡು, ಎರಡೂ ಅಂಗೈಗಳನ್ನು ಮೇಜಿನ ಮೇಲೆ ಒತ್ತಿ ಕೂತ. ತಟ್ಟಿ ಎಚ್ಚರಿಸೋಣವೆಂದರೆ ಆ ಕಾರಿಡಾರಿನವನು ಯಾವಾಗ ಹತ್ತಿರ ಬಂದಾನೆಂದು ಈ ಸಲ ಅವಳಿಗೇ ಗೊತ್ತಿರಲಿಲ್ಲ. ಗಂಡನ ಕಣ್ಣು ಮೆಲ್ಲಗೆ ಬಲಕ್ಕೆ ಸರಿಯಿತು. ಕುತ್ತಿಗೆ ಬಿಗಿಯಿತು. ಯಾರೋ ಬೆನ್ನ ಹಿಂದೆ ನಡೆದಂತೆ ಅವನ ಹೆಗಲು ಮೇಲೇರಿತು. ಆಮೇಲೆ ಒಮ್ಮೆಲೇ "ಅಯ್ಯಯ್ಯೋ" ಎಂದು ಎಡಗಿವಿ ಹಿಡಿದುಕೊಂಡು ಎದ್ದ. ಕುರ್ಚಿ ಉರುಳಿತು, ಚಹಾ ಮೇಜಿನ ತುಂಬ ಹರಿಯಿತು.

ದೆವ್ವಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ನೋಡಿದರೆ ಗಂಡ ನಗುತ್ತಿಲ್ಲ. ಕೋಪವನ್ನೂ ಮಾಡಿಕೊಂಡಿಲ್ಲ. ಅವಳನ್ನೇ ನೋಡುತ್ತಿದ್ದಾನೆ.

"ಬಂದ ಕಣೇ" ಎಂದ. "ಎಡಗಿವಿಗೇ ಬಂದ. ಹೆಡ್‌ಫೋನ್ ಸರಿಯಾಗೇ ಇದೆ."

ಅವನು ಹತ್ತಿರ ಬಂದು ಅದನ್ನು ಎಡಬಲ ತಿರುಗಿಸಿ ಅವಳ ತಲೆಗೆ ಹಾಕಿ, ಕಂತನ್ನು ಹಿಂದಕ್ಕೆ ಎಳೆದ. ಕೆಟ್ಟಿದ್ದು ಯಾವುದು ಎಂದು ಪತ್ತೆ ಮಾಡಲು ಕೆಲಸದಲ್ಲೂ ಅವನು ಹೀಗೆಯೇ ಎರಡು ತುಂಡುಗಳನ್ನು ಅದಲು ಬದಲು ಮಾಡಿ ನೋಡುತ್ತಾನೆ. ಈಗ ಎಡಗಡೆಯದು ಅವಳ ಬಲಗಿವಿಯಲ್ಲಿತ್ತು. ಹೆಜ್ಜೆಗಳು ಬಂದವು, ನಿಂತವು, ಯಾರೋ ಒಬ್ಬ ಕಿವಿಗೆ ತುಟಿ ತಾಗಿಸಿದಂತೆ ಉಸಿರು ಬಿಟ್ಟ. ಗೆಳತಿ ಹೇಳಿದ್ದರಲ್ಲಿ ಉತ್ಪ್ರೇಕ್ಷೆಯಿರಲಿಲ್ಲ. ಎಷ್ಟೋ ಕಾಲದಿಂದ ಅಷ್ಟು ಒಳ್ಳೆಯ ಭಯ ಅವಳಿಗೆ ಸಿಕ್ಕಿರಲಿಲ್ಲ. ಅದರ ಹಿಂದೆಯೇ ಬಂದ ಭಯ ಮಾತ್ರ ಧಾರಾವಾಹಿಯದಲ್ಲ.

ಕಿವಿ ಡಾಕ್ಟರು ಗಾಜಿನ ಗೂಡಿನಲ್ಲಿ ಕೂರಿಸಿ ಸದ್ದು ಕೇಳಿಸಿದರು. ಬಲಗಿವಿ ಸರಿಯಾಗಿದೆ, ಎಡಗಿವಿಯ ಶಕ್ತಿ ಬಹಳ ಇಳಿದಿದೆ ಎಂದರು. ಒಂದೇ ಕಿವಿ ಹೀಗೆ ಸದ್ದಿಲ್ಲದೆ ಇಳಿದರೆ ಒಳಗಿನ ನರದ ಮೇಲೆ ಏನಾದರೂ ಬೆಳೆದಿದೆಯೇ ನೋಡಬೇಕು, ತಲೆಯ ಸ್ಕ್ಯಾನ್ ಆಗದೆ ಏನನ್ನೂ ಹೇಳಲಾಗದು ಎಂದರು. ಕೊಳವೆಯಂಥ ಯಂತ್ರದೊಳಗೆ ಅಲುಗಾಡದೆ ಮಲಗಬೇಕು, ಕೆಲವರಿಗೆ ಭಯವಾಗುತ್ತದೆ ಎಂದೂ ಸೇರಿಸಿದರು. ದೆವ್ವಕ್ಕ ನಕ್ಕುಬಿಟ್ಟಳು. ಜೀವಂತ ಸಮಾಧಿಯಾದವರ ಕಥೆಗಳನ್ನು ಬೆಳಗಿನ ಚಹಾದ ಜೊತೆ ಕೇಳಿದವಳು ಅವಳು.

ಸ್ಕ್ಯಾನಿನ ದಿನ ಮಷಿನ್ ನಡೆಸುವ ಹೆಂಗಸು, "ಕಟ್ಟಿಸಿಕೊಂಡ ಹಲ್ಲು ಇದೆಯಾಮ್ಮ?" ಎಂದು ಕೇಳಿದಾಗ, "ಕಟ್ಟೋದು ನನ್ನ ಕೆಲಸ, ಕಟ್ಟಿಸ್ಕೊಳ್ಳೋದಲ್ಲ" ಎಂದು ಜೋರಾಗಿಯೇ ಉತ್ತರಿಸಿದಳು. ಮಲಗಿದಳು. ಮುಖದ ಮೇಲೆ ಪಂಜರದಂಥದ್ದೊಂದು ಬಂದು ಕೂತಿತು. ಕೈಗೆ ಒಂದು ರಬ್ಬರ್ ಚೆಂಡು ಕೊಟ್ಟು, ಕಷ್ಟವಾದರೆ ಒತ್ತಿ ಎಂದರು. ಹಲಗೆ ಒಳಗೆ ಸರಿಯಿತು. ಮೂಗಿನ ಮುಂದೆಯೇ ಬಿಳಿಯ ಗೋಡೆ. ಎಲ್ಲಿಂದಲೋ ದಡ ದಡ ಎಂದು ಬಡಿಯಲು ಶುರುವಾಯಿತು. ಅವಳು ಚೆಂಡನ್ನು ಒತ್ತಿದಳು, ಒತ್ತುತ್ತಲೇ ಹೋದಳು. ಹೊರಗೆ ಎಳೆದ ಮೇಲೂ ಅವಳ ಮುಷ್ಟಿಯಿಂದ ಚೆಂಡು ಬಿಡಿಸಿಕೊಳ್ಳಲು ಆ ಹೆಂಗಸಿಗೆ ಸಾಕು ಸಾಕಾಯಿತು.

ಕಥೆಯಲ್ಲಾದರೆ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡವನು ಬೇರೆ, ದೆವ್ವಕ್ಕ ಬೇರೆ. ಅವನು ಒಳಗೆ ಕೂಗಾಡುತ್ತಾನೆ, ಇವಳು ಹೊರಗೆ ಕೂತು ಚೆನ್ನಾಗಿ ಕೂಗಿದ ಎನ್ನುತ್ತಾಳೆ. ಆ ದಿನ ಒಳಗೂ ಅವಳೇ, ಹೊರಗೂ ಅವಳೇ. ನಿದ್ದೆಯ ಮದ್ದು ಕೊಟ್ಟು ಮಲಗಿಸಿ ಮಾಡಬಹುದು ಎಂದರು. "ಗೊತ್ತಿಲ್ಲದೆ ಒಳಗೆ ಹೋಗೋದು ಇನ್ನೂ ಕೆಟ್ಟದು" ಎಂದು ಅವಳು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು. ಲ್ಯಾಬಿನವರು ಕೇಳಿದರೆ ಮಷಿನ್ ಕೆಟ್ಟಿತ್ತು ಎಂದು ಸುಳ್ಳು ಹೇಳಿದಳು. ಮನೆಯಲ್ಲಿ ಕಾದಂಬರಿಗಳ ಮೇಲೆ ಬಟ್ಟೆ ಹೊದಿಸಿದಳು. ಹೊಸ ಸಿನಿಮಾ ಬಂತು, ಹೋಯಿತು, ಅವಳು ತಿರುಗಿ ನೋಡಲಿಲ್ಲ. ತಲೆಯೊಳಗೆ ಏನಿದೆಯೋ ಎಂಬ ಹೆದರಿಕೆಗಿಂತ, ಇಷ್ಟು ವರ್ಷದ ತನ್ನ ಧೈರ್ಯವೆಲ್ಲ ಬರೀ ಬಡಾಯಿ ಎಂಬ ನಾಚಿಕೆ ಅವಳನ್ನು ಹೆಚ್ಚು ಕಿತ್ತು ತಿನ್ನುತ್ತಿತ್ತು.

ಕೆಲವು ದಿನ ಕಳೆದ ಮೇಲೆ ಒಂದು ಸಂಜೆ ಗಂಡ ಪಾತ್ರೆ ಒರೆಸುತ್ತ, ತನ್ನ ಪಾಡಿಗೆ ತಾನು ಹೇಳಿಕೊಂಡಂತೆ ಹೇಳಿದ:

"ಲಿಫ್ಟಲ್ಲಿ ಸಿಕ್ಕಿಕೊಂಡವರಿಗೆ ನಾನು ಹೆದರಬೇಡಿ ಅಂತ ಹೇಳಲ್ಲ. ಹೇಳಿದ್ರೆ ಇನ್ನೂ ಹೆದರ್ತಾರೆ. ಈಗ ಠಕ್ ಅನ್ನುತ್ತೆ, ಅದು ಬ್ರೇಕು. ಈಗ ಒಂಚೂರು ಕೆಳಗೆ ಜಾರುತ್ತೆ, ನಾನೇ ಇಳಿಸ್ತಿರೋದು. ಹಿಂಗೆ ಒಂದೊಂದೇ ಹೇಳ್ತಾ ಹೋಗ್ತೀನಿ. ಮುಂಚೆನೇ ಗೊತ್ತಾದ್ರೆ ಅದು ಬರೀ ಸದ್ದು ಕಣೇ."

"ಅಲ್ಲಿ ಯಾರು ಹೇಳ್ತಾರೆ ನನಗೆ?"

"ನಾನು ಬರ್ತೀನಿ. ನೀನು ನನಗೆ ಇಷ್ಟು ವರ್ಷ ಮಾಡಿದ್ದು ಅದೇ ಅಲ್ವಾ?"

ಅವಳು ಪಾತ್ರೆಗಳನ್ನು ಜೋಡಿಸಿಟ್ಟಳು. ಮರುದಿನ ಅವಳೇ ಫೋನ್ ಮಾಡಿ ಸ್ಕ್ಯಾನಿಗೆ ಹೊತ್ತು ಗೊತ್ತು ಮಾಡಿದಳು.

ಜೊತೆಗೆ ಒಬ್ಬರು ಒಳಗೆ ಕೂರಬಹುದು, ಆದರೆ ಇದು ಭಾರಿ ಅಯಸ್ಕಾಂತ, ಮೈಮೇಲೆ ಚೂರೂ ಲೋಹ ಇರಬಾರದು ಎಂದಳು ಮಷಿನ್ ಹೆಂಗಸು. ಗಂಡ ಜೇಬು ಖಾಲಿ ಮಾಡಿದ. ಸ್ಕ್ರೂ ಬಂತು, ವಾಷರ್ ಬಂತು, ಗಿಡ್ಡ ಸ್ಕ್ರೂಡ್ರೈವರ್ ಬಂತು. ಆಯಿತಾ ಎಂದರೆ ಇನ್ನೊಂದು ಜೇಬಿನಿಂದ ಮತ್ತಷ್ಟು ಬಂದವು. "ಅಂಗಡಿನೇ ಇಟ್ಕೊಂಡು ಓಡಾಡ್ತೀರಲ್ಲ" ಎಂದು ಆ ಹೆಂಗಸು ನಕ್ಕಳು. ಕಣ್ಣಿಗೆ ಯಾವತ್ತಾದರೂ ಕಬ್ಬಿಣದ ಚೂರು ಬಿದ್ದಿತ್ತಾ ಎಂದೂ ವಿಚಾರಿಸಿದಳು. ಅವನು ಇಲ್ಲವೆಂದು, ತಾನೂ ಒಂದಿಷ್ಟು ಪ್ರಶ್ನೆ ಕೇಳಿದ. ಯಾವ ಸದ್ದು ಮೊದಲು, ಯಾವುದು ಉದ್ದ, ನಡುವೆ ಎಲ್ಲಿ ಬಿಡುವು. ಪ್ರತಿ ಸದ್ದಿಗೂ ಮುಂಚೆ ಗಾಜಿನ ಆಚೆಯಿಂದ ಒಂದು ಕೈ ಎತ್ತಿ, ಮುಗಿದಾಗ ಇಳಿಸಿ ಎಂದು ಕೇಳಿಕೊಂಡ. ಅವಳು ಒಪ್ಪಿದಳು.

ದೆವ್ವಕ್ಕ ಒಳಗೆ ಹೋದಳು. ಕಿವಿಗಳಿಗೆ ಮುಚ್ಚಳ, ಮುಖಕ್ಕೆ ಪಂಜರ, ಮೂಗಿನ ಮುಂದೆ ಅದೇ ಗೋಡೆ. ಚೆಂಡಿನ ಮೇಲೆ ಬೆರಳು ಬಿಗಿಯುತ್ತಿದ್ದ ಹಾಗೆ ಪಾದದ ಮೇಲೆ ಒಂದು ಸಲ ತಟ್ಟಿದಂತಾಯಿತು. ಅವಳು ಕಣ್ಣು ಮುಚ್ಚಿದಳು. ದಡ ದಡ ಶುರುವಾಯಿತು. ಬರುತ್ತದೆ ಎಂದಿದ್ದರು, ಬಂತು. ನಿಂತಿತು. ಪಾದದ ಮೇಲೆ ಎರಡು ಸಲ. ಅವಳು ಕಣ್ಣು ತೆರೆದಳು. ಗೋಡೆ ಅಲ್ಲೇ ಇತ್ತು, ಆದರೆ ಹತ್ತಿರ ಬಂದಿರಲಿಲ್ಲ.

ಮತ್ತೆ ಒಂದು, ಮತ್ತೆ ಎರಡು. ಹೀಗೇ ನಡೆಯಿತು. ನಡುವೆ ಬಂದದ್ದೊಂದು ಬಹಳ ಉದ್ದ. ಗರಗಸ ಕೊಯ್ದಂತೆ ಮುಗಿಯದೆ ಕೊಯ್ಯುತ್ತಿತ್ತು. ಒಂದು ತಟ್ಟಿದ ಆ ಕೈ ಎರಡು ತಟ್ಟುವುದನ್ನು ಮರೆತೇಬಿಟ್ಟಿತೇನೋ ಎನ್ನಿಸಿತು. ಆಗ ಅವಳಿಗೆ ಗಂಡ ನೆನಪಾದ. ಸೋಫಾದ ಮೇಲೆ ಕಣ್ಣು ಮುಚ್ಚಿ, ದಿಂಬು ಒತ್ತಿಕೊಂಡು ಕೂತ ಗಂಡ. ಸಿನಿಮಾ ರುಚಿಸಿ ಅವಳು ಎಷ್ಟೋ ಸಲ ಎರಡು ತಟ್ಟುವುದನ್ನೇ ಮರೆತು ಕೂತದ್ದುಂಟು. ಅವನು ಒಂದು ದಿನವೂ ತಾನಾಗಿ ಕಣ್ಣು ತೆರೆದವನಲ್ಲ. ಅವಳ ಕೈ ಬಂದೇ ಬರುತ್ತದೆ ಎಂದು ಕತ್ತಲಲ್ಲಿ ಕಾಯುತ್ತಿದ್ದ. ಅವನನ್ನು ಪುಕ್ಕಲ ಎಂದು ನಾಲ್ಕು ಜನರ ಮುಂದೆ ಆಡಿಕೊಂಡದ್ದಕ್ಕೆ ಅವಳಿಗೆ ದುಃಖ ಒತ್ತರಿಸಿ ಬಂತು. ಕಣ್ಣೀರು ಕೆನ್ನೆಯ ಅಂಚಿನಿಂದ ಕಿವಿಯ ಕಡೆಗೆ ಇಳಿಯಿತು. ಅಲುಗಾಡುವಂತಿರಲಿಲ್ಲ, ಒರೆಸಿಕೊಳ್ಳಲಿಲ್ಲ. ಕೊನೆಗೆ ಪಾದದ ಮೇಲೆ ಎರಡು ಸಲ ತಟ್ಟಿತು.

ಮುಂದಿನ ವಾರ ಡಾಕ್ಟರು ಚಿತ್ರ ತೋರಿಸಿದರು. ನರದ ಮೇಲೆ ಕಾಳಿನಷ್ಟು ದೊಡ್ಡ ಗಂಟಿದೆ. ಕೆಟ್ಟ ಜಾತಿಯದಲ್ಲ, ಜೀವಕ್ಕೆ ಅಪಾಯವಿಲ್ಲ. ಬೆಳೆಯುತ್ತದೆಯೇ ಎಂದು ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿ ನೋಡುತ್ತಿರೋಣ ಎಂದರು. ಗಂಡ ಉಸಿರು ಬಿಟ್ಟ. ದೆವ್ವಕ್ಕ ಕೇಳಿದಳು:

"ಕಿವಿ?"

"ಹೋದದ್ದು ವಾಪಸು ಬರೋದು ಕಷ್ಟಮ್ಮ."

ಸಂತೋಷ ಪಡಬೇಕಾದ ದಿನವೇ ಹೌದು, ಅವಳು ಪಟ್ಟಳು ಕೂಡ. ಆದರೂ ಮರುದಿನ ಹೆಡ್‌ಫೋನನ್ನು ಲ್ಯಾಬಿಗೆ ಒಯ್ದು ಪಾಲಿಷ್ ಗೆಳತಿಯ ಮೇಜಿನ ಮೇಲೆ ಇಟ್ಟುಬಿಟ್ಟಳು. "ನೀನೇ ಇಟ್ಕೊ. ನನಗೆ ಅರ್ಧ ಹೋಟೆಲು ಮುಚ್ಚಿಹೋಯ್ತು" ಎಂದಳು. ಗೆಳತಿ ಯಾರದೋ ದವಡೆಯನ್ನು ಎತ್ತಿಕೊಂಡು ಉಜ್ಜತೊಡಗಿದಳು.

ಧಾರಾವಾಹಿಯ ಕೊನೆಯ ಕಂತು ಬಂದ ಸಂಜೆ ಗಂಡ ಕೆಲಸದಿಂದ ಬಂದು ಕೈಕಾಲು ತೊಳೆದು, ಸೋಫಾದ ಮೇಲೆ ಅವಳ ಎಡಗಡೆಗೆ ಕೂತ. ಯಾವಾಗಲೂ ಬಲಗಡೆಗೆ ಕೂರುವವನು. ಜೇಬಿನಿಂದ ಎರಡು ಕವಲಿನ ಇಯರ್‌ಫೋನ್ ತೆಗೆದ. ಬಲಗಡೆಯದನ್ನು ಅವಳ ಬಲಗಿವಿಗೆ ಇಟ್ಟ. ಎಡಗಡೆಯದನ್ನು ತನ್ನ ಕಿವಿಗೆ ಸಿಕ್ಕಿಸಿಕೊಂಡ.

"ನೀವ್ಯಾಕ್ರೀ?" ಎಂದಳು ದೆವ್ವಕ್ಕ. "ಆಮೇಲೆ ನಿದ್ದೆ ಬರಲ್ಲ ನಿಮಗೆ."

"ಎಡಗಡೆ ನಾನು ನೋಡ್ಕೋತೀನಿ" ಎಂದ ಅವನು. ಅಷ್ಟು ಹೇಳುವಾಗಲೇ ಅವನ ಮುಖ ಬಿಳಿಚಿತ್ತು. ಕಣ್ಣು ಮುಚ್ಚಿಕೊಂಡ.

ಹೆಜ್ಜೆಗಳು ಅವಳ ಬಲಗಿವಿಯಲ್ಲಿ ಹುಟ್ಟಿದವು. ನಡೆದವು, ಹಿಂದಕ್ಕೆ ಸರಿದವು, ತೆಳುವಾದವು, ಎಂದಿನಂತೆ ಇಲ್ಲವಾದವು. ಖಾಲಿ. ಆಗ ಅವಳ ಎಡಗೈ ಮಣಿಕಟ್ಟಿನ ಮೇಲೆ ಗಂಡನ ಬೆರಳೊಂದು ಊರಿತು. ಅದರ ಮುಂದೆ ಇನ್ನೊಂದು. ಅವನು ತನ್ನ ಕಿವಿಯಲ್ಲಿ ಕೇಳಿದ ಒಂದೊಂದು ಹೆಜ್ಜೆಯನ್ನೂ ಅವಳ ತೋಳಿನ ಮೇಲೆ ಇಡುತ್ತಿದ್ದ. ತಣ್ಣನೆಯ ಬೆರಳುಗಳು ಮುಂಗೈ ಏರಿದವು, ಮೊಣಕೈ ದಾಟಿದವು, ಒಂದು ಕಡೆ ನಿಂತು ಕಾದವು, ಮತ್ತೆ ಹೊರಟವು. ಭುಜಕ್ಕೆ ಬಂದವು. ಅಲ್ಲಿ ನಿಂತವು. ದೆವ್ವಕ್ಕನ ಮೈಯ ರೋಮವೆಲ್ಲ ಎದ್ದು ನಿಂತಿತ್ತು. ಅಷ್ಟರಲ್ಲಿ ಅವಳ ಕುತ್ತಿಗೆಯ ಎಡಗಡೆ ಬಿಸಿಯಾಗಿ, ನಡುಗುತ್ತ, ಒಂದು ಉಸಿರು ಬಿತ್ತು. ಹೆದರಿ ಹೋದ ಗಂಡ ಇಷ್ಟು ಹೊತ್ತು ಬಿಗಿಹಿಡಿದಿದ್ದ ಉಸಿರು ಅದು.

ದೆವ್ವಕ್ಕ ಕಿರುಚಿದಳು. ಅವಳು ಕಿರುಚಿದ್ದಕ್ಕೆ ಅವನೂ ಕಿರುಚಿದ. ಮದುವೆಯಾದಾಗಿನಿಂದ ಅವಳು ಹಾಗೆ ಕಿರುಚಿದ್ದನ್ನು ಅವನು ಕೇಳಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವಳು ಅವನ ಮೊಣಕಾಲಿನ ಮೇಲೆ ಎರಡು ಸಲ ತಟ್ಟಿದಳು.

"ನಿಜವಾಗ್ಲೂ ಹೋದ್ನಾ?" ಎಂದ ಅವನು, ಕಣ್ಣು ತೆರೆಯದೆ.

"ಹೋದ ರೀ. ತೆಗೀರಿ" ಎಂದು ಅವಳು ಕಣ್ಣೊರೆಸಿಕೊಂಡಳು. "ತೆಗೆದು, ಹಿಂದಕ್ಕೆ ಹಾಕಿ. ಇನ್ನೊಂದು ಸಲ ಬರಲಿ."

ಅವನು ಫೋನಿನಲ್ಲಿ ಕಂತನ್ನು ಹಿಂದಕ್ಕೆ ಎಳೆದು, ಮತ್ತೆ ಕಣ್ಣು ಮುಚ್ಚಿ, ಬೆರಳನ್ನು ಅವಳ ಮಣಿಕಟ್ಟಿನ ಮೇಲೆ ಇಟ್ಟುಕೊಂಡು ಕಾದ.